ಎಡೆಗೊಂದು ಹೆಸರು

ಹೊಳೆದಂಡೆಯ ಆಶ್ರಮವೊಂದರಲ್ಲಿ ಹಳೆಯ ಕಡತಗಳ ಕೋಣೆಯಿತ್ತು. ಯಾತ್ರೆಗೆ ಬಂದವರು ಯಾರು, ಯಾವ ಊರು, ಏನು ಕೊಟ್ಟರು ಎಂದು ತಲೆಮಾರುಗಳಿಂದ ಬರೆದಿಟ್ಟಿದ್ದರು.

ಕೋಣೆಯ ಉಸ್ತುವಾರಿ ಶಿವಸ್ವಾಮಿ ಎಂಬ ಶಿಷ್ಯನದು. ಹುಡುಕುವ ಕೆಲಸ ಸಿಕ್ಕಿತೆಂದರೆ ಅವನಿಗೆ ಊಟವೂ ಬೇಡ, ನಿದ್ದೆಯೂ ಬೇಡ.

ಮಹಾಲಯ ಅಮಾವಾಸ್ಯೆ ಹತ್ತಿರ ಬಂದಾಗ ಆಚೆದಡದ ಊರಿನಿಂದ ಒಬ್ಬ ಮುದುಕಿ ಬಂದಳು. ಜೊತೆಯವರು ಅವಳನ್ನು ಅಮ್ಮಯ್ಯ ಅನ್ನುತ್ತಿದ್ದರು. ಆಶ್ರಮದವರೂ ಹಾಗೇ ಕರೆದರು.

ಹಿರಿಯರಿಗೆ ಎಡೆ ಇಡುವಾಗ ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆಯಬೇಕು. ಅಮ್ಮಯ್ಯನಿಗೆ ತಾತ ಮರಿಗೌಡ, ಮುತ್ತಾತ, ಅವರಪ್ಪ ಎಲ್ಲರ ಹೆಸರೂ ಬಾಯಿಪಾಠ. ಅಪ್ಪನನ್ನು ಹೆತ್ತವಳ ಹೆಸರು ಮಾತ್ರ ಗೊತ್ತಿಲ್ಲ. ಬದುಕಿದ್ದವರಲ್ಲಿ ಯಾರಿಗೂ ಗೊತ್ತಿಲ್ಲ.

"ಎಲ್ಲಾರ್ನೂ ಉಣ್ಣಕ್ಕೆ ಕರ್ದು ಅವಳೊಬ್ಬಳ್ನ ಬಾಗ್ಲಲ್ಲಿ ನಿಲ್ಲಿಸ್ದಂಗಾಯ್ತದೆ ಬುದ್ಧಿ," ಎಂದಳು ಆಶ್ರಮದ ಗುರುಗಳಿಗೆ. "ಮುಂದಿನ ವರ್ಸ ನಾನಿರ್ತೀನೋ ಇಲ್ವೋ. ನಾನು ಹೋದ್ಮೇಲೆ ಅವಳ್ನ ಕೇಳೋರೇ ಇಲ್ಲ."

ಶಿವಸ್ವಾಮಿ ಟೊಂಕ ಕಟ್ಟಿ ನಿಂತ.

ಮೊದಲ ದಿನವೇ ಮೈಯೆಲ್ಲ ದೂಳು ಮಾಡಿಕೊಂಡು ಓಡಿ ಬಂದ. ಅಜ್ಜಿ ಸಿಕ್ಕಿದ್ದಳು. 'ಮರಿಗೌಡನ ಹೆಂಡತಿ, ಕೈಗೂಸಿನೊಡನೆ ಬಂದಳು. ಅಡುಗೆಮನೆಗೆ ಹುರುಳಿ ಕೊಟ್ಟಳು.'

ಆ ಕೈಗೂಸು ಅಮ್ಮಯ್ಯನ ಅಪ್ಪ. ಅವಳು ಆ ಸಾಲನ್ನು ಮತ್ತೆ ಮತ್ತೆ ಓದಿಸಿಕೊಂಡಳು.

ಮರುದಿನ ಇನ್ನೂ ದೊಡ್ಡದು ಸಿಕ್ಕಿತು. 'ಹೊಳೆ ತುಂಬಿ ದೋಣಿ ನಿಂತಿತ್ತು. ಮರಿಗೌಡನ ಹೆಂಡತಿ ಹರಕೆ ತಪ್ಪಬಾರದೆಂದು ಈಜಿ ಬಂದಳು.'

ಗುರುಗಳು ಕೂತಲ್ಲಿಂದ ಎದ್ದೇಬಿಟ್ಟರು. ಈ ಹೊಳೆಯನ್ನೇ, ತುಂಬಿದ್ದಾಗಲೇ ಎಂದು ಕೇಳಿದರು. ಅಮ್ಮಯ್ಯ ದಂಡೆಗೆ ಹೋಗಿ ನೀರನ್ನು ನೋಡುತ್ತ ತುಂಬ ಹೊತ್ತು ನಿಂತಳು. ಅವಳ ಮುಖದಲ್ಲಿ ಜಂಬವೋ ಜಂಬ.

ಅಮ್ಮಯ್ಯ ಮನೆಯಿಂದ ತಂದಿದ್ದ ಕಾಗದಗಳಲ್ಲಿ ಅಪ್ಪ, ಚಿಕ್ಕಪ್ಪ ಸೇರಿ ಬರೆಸಿದ್ದ ಪಾಲುಪಟ್ಟಿಯೂ ಇತ್ತು. 'ನಮ್ಮ ತಾಯಿಯವರಿಗೆ ಹಿತ್ತಿಲ ಕೋಣೆ ಮತ್ತು ವರ್ಷದ ರಾಗಿ.'

ಹೆಂಡತಿ ಸಿಕ್ಕಳು, ತಾಯಿ ಸಿಕ್ಕಳು. ಹೆಸರು ಮಾತ್ರ ಸಿಗಲೊಲ್ಲದು. ನಾಳೆ ಅಮಾವಾಸ್ಯೆ ಎನ್ನುವ ದಿನ ಬಂದೇಬಿಟ್ಟಿತು.

ಆ ಬೆಳಿಗ್ಗೆ ಶಿವಸ್ವಾಮಿ ಒಂದು ಹಾಳೆ ಹಿಡಿದು ಬಂದ. ಅದೇ ಊರು, ಅದೇ ವರ್ಷ, ದೇವೀರಮ್ಮ ಎಂಬ ಹೆಸರು. ಇವಳೇ ಇರಬಹುದು ಎಂದ. ಇರದಿದ್ದರೂ ಅಮ್ಮಯ್ಯನಿಗೆ ಸಮಾಧಾನವಾಗುತ್ತದಲ್ಲ ಎಂದೂ ಸೇರಿಸಿದ.

ಗುರುಗಳು ಸ್ನಾನಕ್ಕೆಂದು ಹೊಳೆಗೆ ಇಳಿದರು. ಒಣಬಟ್ಟೆ ಹಿಡಿದು ಶಿಷ್ಯ ಮೆಟ್ಟಿಲ ಮೇಲೆ ಕೂತಿದ್ದ.

"ಮಾದಪ್ಪಾ, ಬಟ್ಟೆ ಕೊಡೋ," ಎಂದು ಕೂಗಿದರು ಗುರುಗಳು.

ಶಿವಸ್ವಾಮಿ ಅಲ್ಲಾಡಲಿಲ್ಲ. ಅವರು ಮತ್ತೆ ಮತ್ತೆ ಮಾದಪ್ಪನನ್ನು ಕೂಗಿದರು. ಕೊನೆಗೆ ನಡುಗುತ್ತ ತಾವೇ ಮೆಟ್ಟಿಲೇರಿ ಬಂದರು.

"ಅಷ್ಟು ಕರೆದೆನಲ್ಲೋ, ಬರಬಾರದಿತ್ತೆ?"

"ನೀವು ಕರೆದದ್ದು ನನ್ನನ್ನಲ್ಲ, ಗುರುಗಳೇ."

"ನಾಳೆ ಅಮ್ಮಯ್ಯ ದೇವೀರಮ್ಮ ಅಂತ ಕರೆದರೆ ಯಾರು ಬರುತ್ತಾರೆ?"

ಶಿವಸ್ವಾಮಿಗೆ ನಾಚಿಕೆಯಾಯಿತು. ಹಾಳೆಯನ್ನು ಮಡಿಚಿ, ಇನ್ನು ನೋಡಲು ಒಂದು ಕಡತವೂ ಉಳಿದಿಲ್ಲ ಎಂದ.

"ಇಷ್ಟು ದಿನ ಕಾಗದವನ್ನು ಕೇಳಿದೆ. ಅಮ್ಮಯ್ಯನನ್ನು ಏನು ಕೇಳಿದೆ?"

"ಅಜ್ಜಿಯ ವಿಷಯ ಅವರಿಗೆ ಏನೂ ಗೊತ್ತಿಲ್ಲವಲ್ಲ."

"ಅಜ್ಜಿಯ ವಿಷಯ ಬಿಡು. ಅಮ್ಮಯ್ಯನ ವಿಷಯ ಕೇಳು."

ಶಿವಸ್ವಾಮಿ ಒಲ್ಲದ ಮನಸ್ಸಿನಿಂದಲೇ ಹೋಗಿ ಅಮ್ಮಯ್ಯನ ಎದುರು ಕೂತ. ಎಲ್ಲಿಂದ ಶುರುಮಾಡುವುದೋ ತಿಳಿಯದೆ, ನಿಮಗೆ ಅಮ್ಮಯ್ಯ ಎಂದು ಹೆಸರಿಟ್ಟವರು ಯಾರು ಎಂದು ಕೇಳಿದ.

"ಅದು ಹೆಸ್ರಲ್ಲ ಕಣಪ್ಪ," ಎಂದು ಅವಳು ನಕ್ಕಳು. "ತೊಟ್ಲಲ್ಲಿ ಇಟ್ಟ ಹೆಸ್ರು ಹೊಂಬಾಳಮ್ಮ. ಆದ್ರೆ ನಮ್ಮವ್ವ ಒಂದಿನಾನೂ ಹಂಗೆ ಕೂಗ್ಲಿಲ್ಲ. ಅಪ್ಪನೂ ಅಷ್ಟೆ, ಅಮ್ಮಯ್ಯ ಅಂತಿದ್ದ. ಊರೋರು ಅದನ್ನೇ ಹಿಡ್ಕಂಡ್ರು."

ಶಿವಸ್ವಾಮಿ ಮುಂದಕ್ಕೆ ಸರಿದು ಕೂತ. ಅಜ್ಜಿಯ ಹೆಸರನ್ನು ಅವ್ವನ ಹತ್ತಿರ ಕೇಳಿರಲಿಲ್ಲವೇ ಎಂದ.

"ಕೇಳ್ದೆ. ಅತ್ತೆ ಹೆಸ್ರು ಸೊಸೆ ಬಾಯಲ್ಲಿ ಬರ್ಬಾರ್ದು ಅಂತ ಸುಮ್ಕಾಗೋಳು. ಹಟ ಮಾಡುದ್ರೆ ನನ್ ಕಡೆ ಬೆಟ್ಟು ತೋರ್ಸಿ ನಗೋಳು. ನನ್ನ ಗೇಲಿ ಮಾಡ್ತಾವ್ಳೆ ಅಂದ್ಕಂಡು ನಾನು..."

ಮುದುಕಿಯ ಬೆರಳು ತನ್ನೆದೆಯ ಕಡೆಗೇ ತಿರುಗಿತು.

ಅತ್ತೆಯ ಹೆಸರು ಹೇಳಬಾರದವಳು, ಅದೇ ಹೆಸರಿಟ್ಟ ಮಗಳನ್ನಾದರೂ ಹೇಗೆ ಕೂಗಿಯಾಳು? ಬಾಯಲ್ಲಿ ಹೇಳಲಾರದ್ದನ್ನು ಆ ತಾಯಿ ಬೆರಳಲ್ಲಿ ಹೇಳಿದ್ದಳು.

ಮುದುಕಿ ತನ್ನ ಹೆಸರನ್ನು ತಾನೇ ಮೆಲ್ಲಗೆ ಹೇಳಿ ನೋಡಿದಳು. ಆಮೇಲೆ ಗಟ್ಟಿಯಾಗಿ ಹೇಳಿದಳು. ಹೊಳೆ ಈಜಿ ಬಂದವಳೂ ಹೊಂಬಾಳಮ್ಮನೇ. ಅವಳಿಗೆ ಅಳುವೂ ನಗುವೂ ಒಟ್ಟೊಟ್ಟಿಗೆ ಬಂದವು. ಶಿವಸ್ವಾಮಿಯಂತೂ ಗುರುಗಳ ಹತ್ತಿರ ಓಡುವಾಗ ಹೊಸಿಲು ಎಡವಿ ಬಿದ್ದ, ಬಿದ್ದಲ್ಲಿಂದಲೇ ಹೆಸರು ಕೂಗಿದ.

ಮರುದಿನ ದಂಡೆಯಲ್ಲಿ ಎಡೆಗಳು ಸಿದ್ಧವಾದವು. ಕೊನೆಯ ಎಡೆಯ ಪಕ್ಕದಲ್ಲಿ ಇನ್ನೊಂದು ಎಲೆ ಹಾಕಲು ಗುರುಗಳು ಹೇಳಿದರು. ಶಿವಸ್ವಾಮಿ ಹಾಕಿದ.

ಮುದುಕಿ ಗಂಡಸರನ್ನೆಲ್ಲ ಸರಾಗವಾಗಿ ಕರೆದಳು. ಕೊನೆಗೆ ಅಜ್ಜಿಯ ಎಡೆಗೆ ಬಂದಳು. ಹುಟ್ಟಿದಾಗಿನಿಂದ ಯಾರೂ ಕೂಗದ ಹೆಸರನ್ನು ಹೇಗೆ ಕೂಗಬೇಕೆಂದು ಅವಳಿಗೇ ತಿಳಿಯಲಿಲ್ಲ. ಗುರುಗಳ ಮುಖ ನೋಡಿದಳು.

ಪಕ್ಕದ ಎಲೆ ಯಾರಿಗೆ ಎಂದು ಶಿವಸ್ವಾಮಿ ಪಿಸುಗುಟ್ಟಿ ಕೇಳಿದ.

ಗುರುಗಳು ಹೊಳೆಯ ಕಡೆಗೊಮ್ಮೆ, ಮುದುಕಿಯ ಕಡೆಗೊಮ್ಮೆ ತಿರುಗಿ, ಆಚೆದಡಕ್ಕೂ ಕೇಳುವಂತೆ ಕರೆದರು:

"ಹೊಂಬಾಳಮ್ಮಾ, ಬಾರವ್ವ. ಎಲೆ ಹಾಕಿದೆ, ಉಣ್ಣು ಬಾ."