ಗೀಜಗಗಳ ಪೇಟೆಗೆ ಬಂದ ಕುಂಬಾರ ಹುಳು

ಹೊಳೆಯ ಮೇಲೆ ಬಾಗಿದ ಈಚಲು ಮರದಲ್ಲಿ ಗೀಜಗಗಳ ಪೇಟೆಯಿತ್ತು. ಹೊಸ ಸಂಸಾರ ಹೂಡುವ ಹಕ್ಕಿಗಳು ನೇಯ್ದ ಗೂಡುಗಳನ್ನು ಅಲ್ಲೇ ಕೊಳ್ಳುತ್ತಿದ್ದವು. ಮುದಿ ಗೀಜಗ ಸಿದ್ರಾಮನೇ ಪೇಟೆಯ ಯಜಮಾನ. ಆ ವರ್ಷ ಪಡುವಣ ಗಾಳಿ ಎದ್ದು, ಗೂಡುಗಳು ತೊಟ್ಟಿಲುಗಳಂತೆ ತೂಗಾಡಿ, ಮೊಟ್ಟೆಗಳು ಹೊಳೆಗೆ ಉದುರತೊಡಗಿದವು. ಕೊಳ್ಳುವವರು ಬರುವುದನ್ನೇ ಬಿಟ್ಟರು.

ಒಂದು ಮುಂಜಾನೆ ಮಂಜಿನೊಳಗಿಂದ ಕುಂಬಾರ ಹುಳು ಮಾಳವ್ವ ಹಾರಿ ಬಂದಳು. "ಯಜಮಾನರೇ, ನನಗೂ ಒಂದು ಅಂಗಡಿಗೆ ಜಾಗ ಕೊಡಿ. ನಾನು ಹಸಿಮಣ್ಣು ಮೆತ್ತುವವಳು" ಎಂದಳು.

"ಇದು ನೇಯುವವರ ಪೇಟೆ. ಕೆಸರಿಗೆ ಇಲ್ಲೇನು ಕೆಲಸ?" ಎಂದು ಗೀಜಗಗಳು ರೇಗಿದವು.

ಸಿದ್ರಾಮನಿಗೂ ಕೆಸರೆಂದರೆ ಅಸಹ್ಯವೇ. ಆದರೆ ಖಾಲಿ ಗೂಡಿನೆದುರು ಅಳುತ್ತ ಕೂತಿದ್ದ ತಾಯಿಹಕ್ಕಿಯೊಂದು ಅವನ ಕಣ್ಣಿಗೆ ಕಟ್ಟಿದಂತಿತ್ತು.

"ಮೊದಲು ನನ್ನ ಗೂಡಿಗೇ ಮೆತ್ತು ತಾಯಿ. ಕೆಟ್ಟರೆ ನನ್ನದೊಂದೇ ಕೆಡಲಿ" ಎಂದ.

ಮಾಳವ್ವ ಗೂಡಿನ ಒಳಗೆ ಮಣ್ಣು ಮೆತ್ತಿದಳು. ಮಧ್ಯಾಹ್ನ ಗಾಳಿ ಬೀಸಿ ಮರವೆಲ್ಲ ತೂಗಿದರೂ, ಮಣ್ಣಿನ ಭಾರ ಹೊತ್ತ ಆ ಗೂಡು ಮಾತ್ರ ಅಲುಗದೆ ನಿಂತಿತು. ಕಂಡ ಹಕ್ಕಿಗಳೆಲ್ಲ "ನಮಗೂ ಅಂಥದ್ದೇ ಬೇಕು" ಎಂದು ಮುಗಿಬಿದ್ದವು.

ಗೀಜಗಗಳು ನಾಚಿಕೊಂಡು ಮಾಳವ್ವನಿಗೆ ಕೆಳಗಿನ ಒಣಗರಿಯಲ್ಲಿ ಜಾಗ ತೋರಿಸಿದವು. ಮೇಲಿನ ತುದಿಯ ಗರಿಯಲ್ಲಿದ್ದ ಸಿದ್ರಾಮ ಪಕ್ಕಕ್ಕೆ ಸರಿದು, ಅವಳನ್ನು ಮೇಲಕ್ಕೆ ತನ್ನ ಬಳಿಗೆ ಕರೆದ.

ಮರುದಿನ ಜೇಡವೊಂದು ಅಂಗಡಿಗೆ ಜಾಗ ಕೇಳಿತು. "ಯಜಮಾನರನ್ನು ಕೇಳು" ಎಂದು ಗೀಜಗಗಳು ಮೇಲೆ ತೋರಿಸಿದವು. ಅಲ್ಲಿ ಇಬ್ಬರು ಕೂತಿದ್ದರು.