ಬಾಯ್ಲರ್ ಸ್ವಿಚ್ಚಿನ ಮರ್ಯಾದೆ

ಮುಹೂರ್ತ ಹತ್ತಿರವಾದಂತೆ ಮದುವೆ ಛತ್ರದ ಉಸ್ತುವಾರಿ ಸರಸಮ್ಮನಿಗೆ ಹೊಸ ತಲೆನೋವು ಶುರುವಾಯಿತು. ವರನ ದೊಡ್ಡಪ್ಪ ನಂಜುಂಡರಾಯರು ಮನೆಯಿಂದ ಕರೆಂಟಿನ ಕಾಫಿ ಬಾಯ್ಲರ್ ತರಿಸಿದ್ದರು.

"ತಾಳಿ ಕಟ್ಟಿದ ಕೂಡಲೇ ನಮ್ಮ ಕಡೆಯವರಿಗೆ ಬಿಸಿ ಕಾಫಿ ಸಿಗಬೇಕು. ಈಗಲೇ ಸ್ವಿಚ್ ಹಾಕು."

"ರಾಯರೇ, ಮಂಟಪದ ದೀಪಗಳೇ ಎಂಟು ಆಂಪಿಯರ್ ಎಳೆಯುತ್ತವೆ. ನಿಮ್ಮ ಬಾಯ್ಲರ್ ಎರಡು ಸಾವಿರದ ಮುನ್ನೂರು ವಾಟಿನದು. ಇನ್ನೂರ ಮೂವತ್ತು ವೋಲ್ಟಿನಿಂದ ಭಾಗಿಸಿದರೆ ಹತ್ತು ಆಂಪಿಯರ್. ಒಟ್ಟು ಹದಿನೆಂಟು. ನಮ್ಮ ಫ್ಯೂಸ್ ತಡೆಯುವುದು ಹದಿನೈದೇ."

"ನನಗೇ ಪಾಠ ಹೇಳ್ತೀಯಾ? ಛತ್ರದ ಯಜಮಾನರಿಗೆ ಹೇಳಿ ಸಂಜೆಯೊಳಗೆ ನಿನ್ನ ಕೆಲಸ ಬಿಡಿಸ್ತೀನಿ!"

ಸ್ವಿಚ್ ಹಾಕದಿದ್ದರೆ ಕೆಲಸ ಹೋಗುತ್ತದೆ. ಹಾಕಿದರೆ ತಾಳಿಯ ಹೊತ್ತಿಗೆ ಫ್ಯೂಸ್ ಸುಟ್ಟು ದೀಪ ಆರಿ, ಆಗಲೂ ಕೆಲಸ ಹೋಗುತ್ತದೆ. ಸರಸಮ್ಮ ಸೆರಗಿನಿಂದ ಬೆವರು ಒರೆಸಿಕೊಂಡಳು. ಅರಿಸಿನ ಕುಂಕುಮದ ತಟ್ಟೆ ತಂದು ಸ್ವಿಚ್ಚಿಗೆ ಬೊಟ್ಟಿಟ್ಟಳು. ಆಮೇಲೆ ವಿಡಿಯೋದವನನ್ನು ಕೂಗಿ ಕರೆದಳು.

"ಇಲ್ಲಿ ಬಾಪ್ಪಾ! ದೊಡ್ಡ ರಾಯರು ತಮ್ಮ ಕೈಯಾರೆ ಸ್ವಿಚ್ ಹಾಕ್ತಾರೆ. ಅವರ ಮುಖ, ಕೈ ಎರಡೂ ಚೆನ್ನಾಗಿ ಕಾಣಬೇಕು. ನಾಳೆ ದೀಪ ಆರಿಸಿದ್ದು ಯಾರು ಅಂತ ಬೀಗರು ಕೇಳಿದರೆ ಅನುಮಾನ ಇರಬಾರದು ನೋಡು."

ಬೀಗರೆಲ್ಲ ಇತ್ತ ತಿರುಗಿದರು. ಸ್ವಿಚ್ಚಿನತ್ತ ಚಾಚಿದ್ದ ರಾಯರ ಕೈ ಅಲ್ಲೇ ನಿಂತಿತು.

"ಎಷ್ಟು ಆಂಪಿಯರ್ ಅಂದಿರಮ್ಮಾ?" ಎಂದು ಮೆಲ್ಲಗೆ ಕೇಳಿದರು.

"ಹದಿನೆಂಟು, ರಾಯರೇ."

ತಾಳಿ ಕಟ್ಟುವಾಗ ಎಲ್ಲರೂ ಅಕ್ಷತೆ ಹಾಕಲು ಮಂಟಪಕ್ಕೆ ನುಗ್ಗಿದರು. ರಾಯರು ಮಾತ್ರ ಸ್ವಿಚ್ಚಿಗೆ ಬೆನ್ನು ಕೊಟ್ಟು ಕಾವಲು ನಿಂತಿದ್ದರು. ಕಾಫಿ ಹುಡುಕುತ್ತಾ ಬಂದ ಹೆಂಡತಿಯನ್ನೂ ಬಿಡಲಿಲ್ಲ.

"ಮುಟ್ಟಬೇಡ ಕಣೇ! ಹದಿನೈದರ ಮೇಲೆ ಫ್ಯೂಸ್ ತಡೆಯಲ್ಲ!"