ನೀಲಿ ಗೆರೆಯ ಜೀರುಂಡೆ

ಹೊಳೆ ದಂಡೆಯ ಆ ಆಶ್ರಮದಲ್ಲಿ ಪೂಜೆ ಕಡಿಮೆ. ಮರಗಳ ತೊಗಟೆ ಎತ್ತಿ ನೋಡುವುದೇ ಹೆಚ್ಚು.

ಗುರುಗಳು ಚಿದಂಬರಯ್ಯ. ತೊಗಟೆಯಡಿ ಬಾಳುವ ಜೀರುಂಡೆಗಳನ್ನು ಐವತ್ತು ವರ್ಷ ನೋಡಿದವರು. ಈಗ ಕಣ್ಣು ಮಂಜಾಗಿತ್ತು. ಮೊಣಕಾಲು ಕಾಡಿನ ಏರು ಹತ್ತಲು ಒಪ್ಪುತ್ತಿರಲಿಲ್ಲ.

ಹಾಗಾಗಿ ಶಿಷ್ಯೆ ಭಾಗೀರಥಿ ಹೋಗುತ್ತಿದ್ದಳು. ಭೂತಗನ್ನಡಿ ಹಿಡಿದು ನೋಡಿ, ಸಂಜೆ ಬಂದು ಹೇಳುತ್ತಿದ್ದಳು.

"ಮೈ ಹೇಗಿತ್ತು?"

"ಚಪ್ಪಟೆ, ಗುರುಗಳೇ. ಒಣಗಿದ ಎಲೆಯಷ್ಟು ತೆಳು."

"ತಲೆಯ ಮೇಲಿನ ಕುಡಿಮೀಸೆ?"

"ಹನ್ನೊಂದು ಗಣ್ಣು."

"ಪಾದ?"

"ಮುಂದಿನವಕ್ಕೂ ನಡುವಿನವಕ್ಕೂ ಐದೈದು ಗಣ್ಣು. ಹಿಂದಿನವಕ್ಕೆ ನಾಲ್ಕೇ."

"ಹಾಗಾದರೆ ಗಂಡು. ಚಪ್ಪಟೆ ಜೀರುಂಡೆಗಳ ಕುಟುಂಬದ್ದು. ಬರೆದುಕೋ."

ಅಲ್ಲಿದ್ದದ್ದು ಒಂದೇ ನಿಯಮ. ನೋಡು, ಬರೆ, ತೊಗಟೆಯನ್ನು ಇದ್ದ ಹಾಗೇ ಮುಚ್ಚು.

ಒಂದು ದಿನ ಭಾಗೀರಥಿ ಕೇಳಿದಳು: "ನೀವು ನೋಡದೆ ಉಳಿದದ್ದು ಯಾವುದಾದರೂ ಇದೆಯೇ?"

ಗುರುಗಳು ಎದ್ದು ಹೋಗಿ ಒಂದು ಸಣ್ಣ ಡಬ್ಬಿ ತಂದರು. ಒಳಗೊಂದು ಸತ್ತ ಜೀರುಂಡೆ. ಬಣ್ಣ ಮಾಸಿತ್ತು, ಒಂದು ಕಾಲಿರಲಿಲ್ಲ.

"ನಮ್ಮ ಗುರುಗಳು ಕೊಟ್ಟದ್ದು. ಬೆನ್ನ ಮೇಲೆ ನೀಲಿ ಗೆರೆ ಇತ್ತಂತೆ. ಅವರಿಗೆ ಒಮ್ಮೆ ಮಾತ್ರ ಸಿಕ್ಕಿತ್ತು. ನಾನು ಐವತ್ತು ವರ್ಷ ಹುಡುಕಿದೆ."

"ಸಿಗಲೇ ಇಲ್ಲವೇ?"

"ಪ್ರತಿ ತೊಗಟೆ ಎತ್ತುವಾಗಲೂ ಇದರಡಿ ಇದ್ದೇ ಇದೆ ಅನ್ನಿಸುತ್ತಿತ್ತು."

ಅವರು ಡಬ್ಬಿ ಮುಚ್ಚಿದರು. ಆದರೆ ಕೈಯಿಂದ ಕೆಳಗಿಡಲಿಲ್ಲ.

ಅಂದಿನಿಂದ ಭಾಗೀರಥಿ ಕಾಡಿನಲ್ಲಿ ಇನ್ನೂ ದೂರ ಹೋಗತೊಡಗಿದಳು. ಎರಡು ವರ್ಷ ಕಳೆಯಿತು. ಗುರುಗಳಿಗೆ ಈಗ ಎದುರು ನಿಂತವರ ಮುಖವೂ ಸರಿಯಾಗಿ ಕಾಣುತ್ತಿರಲಿಲ್ಲ.

ಮಳೆ ನಿಂತ ಮೇಲೆ ಒಂದು ಬೆಳಿಗ್ಗೆ, ಬಿದ್ದ ಮತ್ತಿಮರದ ತೊಗಟೆ ಎತ್ತಿದಳು.

ಅಲ್ಲಿತ್ತು. ಬೆನ್ನ ಮೇಲೆ ನೀಲಿ ಗೆರೆ.

ಆಶ್ರಮ ಮೂರು ಗಂಟೆ ದಾರಿ. ಬರಿಯ ಮಾತಿನಲ್ಲಿ ಹೇಳಿದರೆ ಅವರಿಗೆ ಸಾಕೇ? ಮುಂದಿನ ವರ್ಷಕ್ಕೆ ಆ ಕಣ್ಣುಗಳಲ್ಲಿ ಏನು ಉಳಿದಿರುತ್ತದೆ?

ಹುಳ ಓಡತೊಡಗಿತು. ಅವಳು ಹಿಡಿದೇ ಬಿಟ್ಟಳು. ಗಾಯಕ್ಕೆಂದು ಇಟ್ಟುಕೊಂಡಿದ್ದ ಸ್ಪಿರಿಟ್ ಬಾಟಲಿಗೆ ಹಾಕಿದಳು. ಅದು ಒದ್ದಾಡಿ ಸುಮ್ಮನಾಯಿತು.

ದಾರಿಯುದ್ದಕ್ಕೂ ಓಡುತ್ತಲೇ ಬಂದಳು.

ಗುರುಗಳು ಹುಳವನ್ನು ಅಂಗೈಯಲ್ಲಿಟ್ಟುಕೊಂಡು, ಭೂತಗನ್ನಡಿಯನ್ನು ಕಣ್ಣಿಗೆ ಒತ್ತಿ ಹಿಡಿದರು. ಬಹಳ ಹೊತ್ತು ನೋಡಿದರು.

"ನೀಲಿಯೇ. ನಮ್ಮ ಗುರುಗಳು ಹೇಳಿದ್ದು ನಿಜ." ಆಮೇಲೆ ಕೇಳಿದರು: "ಇದು ನಡೆಯುವುದು ಹೇಗೆ, ಭಾಗೀರಥಿ?"

"ಹಿಂಗಾಲಿನ ಪಾದದಲ್ಲೂ ಐದು ಗಣ್ಣು, ಗುರುಗಳೇ. ಹೆಣ್ಣು."

"ಅದಲ್ಲ. ನಡೆಯುವುದು ಹೇಗೆ?"

ಅವಳು ಅವರ ಅಂಗೈಯಲ್ಲಿದ್ದ ಹುಳವನ್ನೇ ನೋಡಿದಳು.

"ಸತ್ತದ್ದು ನನ್ನ ಹತ್ತಿರ ಇತ್ತಲ್ಲ, ಮಗಳೇ. ನಡೆಯುವುದನ್ನು ಒಮ್ಮೆ ನೋಡಬೇಕು ಅಂತ ಹುಡುಕಿದೆ."

ಭಾಗೀರಥಿ ಅಲ್ಲೇ ಕುಸಿದು ಕೂತಳು. "ನಿಮಗೆ ತೋರಿಸುವ ಆಸೆಗೆ ನಿಯಮ ಮುರಿದೆ. ಒಂದು ಜೀವ ತೆಗೆದೆ."

"ಹೌದು," ಅಂದರು ಗುರುಗಳು. ಅವಳ ಅಳು ನಿಂತ ಮೇಲೆ ಕೇಳಿದರು:

"ಹಿಡಿಯುವ ಮೊದಲು ಎಷ್ಟು ಹೊತ್ತು ನೋಡಿದೆ?"

"ಒಂದು ಗಳಿಗೆ. ಅಷ್ಟೂ ಇಲ್ಲ."

ಅವರು ಹುಳವನ್ನು ಪಕ್ಕಕ್ಕಿಟ್ಟು, ಹೊದ್ದ ಶಾಲು ಸರಿಸಿ, ಮುಂಗೈ ಚಾಚಿದರು.

"ಆ ಒಂದು ಗಳಿಗೆಯನ್ನು ಇಲ್ಲಿ ತೋರಿಸು."

ಭಾಗೀರಥಿ ಕಣ್ಣೊರೆಸಿಕೊಂಡು, ಅವರ ಮಣಿಕಟ್ಟಿನ ಮೇಲೆ ಬೆರಳ ತುದಿ ಇಟ್ಟಳು.

"ಬೆಳಕು ಬಿದ್ದೊಡನೆ ಹೀಗೆ ನಿಂತಿತು. ಆಮೇಲೆ ಎರಡು ಹೆಜ್ಜೆ ಹಿಂದಕ್ಕೆ."

"ಹಿಂದಕ್ಕೋ!" ಅವರ ಮುಖ ಅರಳಿತು.

"ಕುಡಿಮೀಸೆಯಿಂದ ಮರ ಮುಟ್ಟಿ ನೋಡಿತು. ಮತ್ತೆ ಓರೆಯಾಗಿ ಸರಸರನೆ..." ಬೆರಳು ಮೊಣಕೈಯತ್ತ ಹರಿಯಿತು. "ಇಲ್ಲೊಂದು ಬಿರುಕಿತ್ತು. ಅದರೊಳಗೆ ನುಗ್ಗುವುದರಲ್ಲಿತ್ತು. ಅಷ್ಟರಲ್ಲಿ ನಾನು..."

ಬೆರಳು ನಿಂತಿತು.

ಗುರುಗಳು ಕಣ್ಣು ಮುಚ್ಚಿದರು.

"ಇನ್ನೊಮ್ಮೆ ನಡೆಸು, ಮಗಳೇ. ಈ ಸಲ ಹಿಡಿಯಬೇಡ."